ಶ್ವಾಸಕೋಶದ ಕಾಲ

"ಬಾಯಿ ತೆಗಿ ಕಣೇ!" ಜೀವಿತಾ ಇನ್ಹೇಲರನ್ನು ಮಗಳ ತುಟಿಗೆ ಒತ್ತಿ ಹಿಡಿದಳು. ಏಳು ವರ್ಷದ ನಿಸರ್ಗಳ ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಆದರೂ ಅವಳು ಬೇಡವೆಂದು ತಲೆಯಾಡಿಸಿದಳು. ಹೊರಗೆ ಕಾಯಿ ಕೂಡಿಡುವ ಕೊಬ್ಬರಿ ಅಟ್ಟದ ಮುಂದೆ ಗಂಡ ರುದ್ರೇಶ್, ತುರುವೇಕೆರೆ ಆಸ್ಪತ್ರೆಗೆ ಹೊರಡಲು ಕಾರು ತಿರುಗಿಸುತ್ತಿದ್ದ.

ಮಳೆ ಕಳೆದು ಒಣಗಾಳಿ ಬೀಸುವ ಈ ದಿನಗಳು ಶ್ವಾಸಕೋಶದ ಕಾಲ, ಬಿಳಿ ಆಹಾರ ಅದಕ್ಕೆ ಒಳ್ಳೆಯದು ಎಂಬ ಚೀನೀ ವೈದ್ಯದ ಮಾತನ್ನು ಜೀವಿತಾ ಮೊಬೈಲಿನ ವಿಡಿಯೊ ಒಂದರಲ್ಲಿ ಕೇಳಿದ್ದಳು. ಅಂದಿನಿಂದ ಮಗಳಿಗೆ ಬೇಯಿಸಿದ ಪೇರ್ ಹಣ್ಣು, ಮೂಲಂಗಿ, ಬಿಳಿ ಎಳ್ಳಿನ ಗಂಜಿ. ಡಾಕ್ಟರು ಕೊಟ್ಟ ಇನ್ಹೇಲರ್ ನಿಲ್ಲಿಸಿ ಎಂದು ಅಲ್ಲಿ ಯಾರೂ ಹೇಳಿರಲಿಲ್ಲ. ಅದನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದವಳು ಅವಳೇ.

"ನೀನೇ... ಇದು ವಿಷ... ಅಂದಿದ್ದೆ," ಎಂದಳು ನಿಸರ್ಗ, ಒಂದೊಂದು ಮಾತಿಗೂ ಉಸಿರು ಹುಡುಕುತ್ತ.

ಜೀವಿತಾ ಮಗಳ ಮುಂದೆ ಕುಕ್ಕರಿಸಿದಳು. "ತಪ್ಪು ಹೇಳ್ಬುಟ್ಟೆ ಕಣವ್ವಾ. ಅಮ್ಮಂಗೆ ಗೊತ್ತಿರ್ಲಿಲ್ಲ. ಇಲ್ನೋಡು!" ಎಂದವಳೇ ಇನ್ಹೇಲರನ್ನು ತನ್ನ ಬಾಯಿಗಿಟ್ಟು ಒತ್ತಿ, ಎದೆ ತುಂಬ ಎಳೆದುಕೊಂಡು ತೋರಿಸಿದಳು. ನಿಸರ್ಗ ಗಾಬರಿಯಿಂದ ಅಮ್ಮನ ಮುಖವನ್ನೇ ದಿಟ್ಟಿಸಿದಳು. ಅಮ್ಮನಿಗೆ ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ, ಅವಳೇ ಕೈ ಚಾಚಿ ಅದನ್ನು ಇಸಿದುಕೊಂಡಳು.