ಮೂರನೇ ಮಹಡಿಯ ಮೀಸೆ

ಇರಾಕಿ ಅಧಿಕಾರಿ ಜೀಪಿನಿಂದ ಇಳಿದವನೇ ಶರ್ಕ್ ಬಡಾವಣೆಯ ಅರ್ಧ ಕಟ್ಟಿದ ಕಟ್ಟಡದ ಮೂರನೇ ಮಹಡಿಗೆ ಬೆರಳು ತೋರಿಸಿ, "ಅದು ಯಾರು?" ಎಂದು ಕೇಳಿದ. ಅಲ್ಲಿ ಸೈಟಿನ ಹಸಿರು ಕವರಾಲ್ ತೊಟ್ಟು ನೇತಾಡುತ್ತಿದ್ದುದು ಭೋಜ ಜೂನ್‌ನಲ್ಲಿ ಕಟ್ಟಿದ್ದ ದೃಷ್ಟಿಗೊಂಬೆ.

ಭೋಜನ ಊರು ಕಾಪುವಿನಲ್ಲಿ ಗೊಂಬೆಯಿಲ್ಲದೆ ಗೋಡೆ ಏಳುವುದಿಲ್ಲ, ಗೊಂಬೆಗೆ ಮೀಸೆ ಬೇಕೇ ಬೇಕು. ಆದರೆ ಭೋಜ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಸುರುಳಿ ಮೀಸೆಗೆ ಕೈ ಬಾರದೆ, ತಲೆಗಿಟ್ಟ ಪೇಂಟ್ ಡಬ್ಬಿಯ ಮೇಲೆ ಸ್ಕೇಲು ಹಿಡಿದು ಎರಡೂ ಕಡೆ ಸಮನಾಗಿ ದಪ್ಪಗೆ, ಕಪ್ಪಗೆ ಬರೆದಿದ್ದ. ಆಗಸ್ಟ್‌ನಲ್ಲಿ ಇರಾಕಿ ಸೈನ್ಯ ನುಗ್ಗಿತು. ಹಿಂದೆಯೇ ಗೋಡೆ ಗೋಡೆಗೂ ಅವರ ಅಧ್ಯಕ್ಷರ ಪಟ ಬಂತು. ಅದೇ ಹಸಿರು ಅಂಗಿ, ಅದೇ ಮೀಸೆ.

"ಮೊನ್ನೆಯೇ ಹೇಳಿದೆ ಅಲ್ವಾ ಭೋಜಣ್ಣ, ಆ ಮೀಸೆ ತೆಗೀರಿ ಅಂತ," ಬಂಟ್ವಾಳದ ಮಮ್ಮು ಮೇಸ್ತ್ರಿ ಪಿಸುಗುಟ್ಟಿದ.

"ಮೀಸೆ ಇಲ್ಲದಿದ್ರೆ ಎಂಥ ದೃಷ್ಟಿ ಹೋಗುವುದು ಮಾರಾಯ," ಎಂದ ಭೋಜ. ಊರಿನ ವಿಮಾನ ಹಿಡಿಯಲು ಮರುದಿನ ಅಮ್ಮಾನಿಗೆ ಹೊರಡುವ ಬಸ್ಸಿನಲ್ಲಿ ಅವನಿಗೊಂದು ಸೀಟು ಸಿಕ್ಕಿತ್ತು. ಅಧ್ಯಕ್ಷರನ್ನೇ ನೇತುಹಾಕಿದ್ದಾನೆಂದು ಇವರು ಎಳೆದೊಯ್ದರೆ ಬಸ್ಸೂ ಇಲ್ಲ, ಊರೂ ಇಲ್ಲ, ಹೆಂಡತಿ ಕುಸುಮಾವತಿಯ ಮುಖವೂ ಇಲ್ಲ.

ಆಗ ಮುಂದೆ ಬಂದವರು ಆರ್ಕಿಟೆಕ್ಟ್ ಗರಬೇದ್, ಅಲೆಪ್ಪೊದಲ್ಲಿ ಹುಟ್ಟಿದ ಅರ್ಮೇನಿಯನ್ ಮುದುಕ. ಚಹಾ ಬಂತೆಂದರೆ ಇವರ ಪುರಾಣ ಶುರು. ಸಾವಿರ ವರ್ಷದ ಹಿಂದೆ ಕಾನ್‌ಸ್ಟಾಂಟಿನೋಪಲ್‌ನ ದೊಡ್ಡ ಇಗರ್ಜಿಯ ಗುಮ್ಮಟ ಭೂಕಂಪಕ್ಕೆ ಕುಸಿದಾಗ ಮತ್ತೆ ಎತ್ತಿ ನಿಲ್ಲಿಸಿದ ತ್ರದಾತ್ ತಮ್ಮವನು; ಸುಲ್ತಾನರಿಗೆ ತಲೆತಲಾಂತರ ಅರಮನೆ ಕಟ್ಟಿಕೊಟ್ಟ ಬಾಲ್ಯಾನ್ ಮನೆತನವೂ ತಮ್ಮದೇ ಜನ. ಪಾಪ, ಇವರು ಮಾತ್ರ ಅರವತ್ತಾರು ವರ್ಷಕ್ಕೆ ಕಟ್ಟಿದ್ದು ಸಬ್ಹಾನ್‌ನಲ್ಲಿ ನಾಲ್ಕು ಗೋಡೌನು, ಜೊತೆಗೆ ಮುಗಿಯದ ಈ ಕಟ್ಟಡ.

"ಅದು ನಾನು," ಎಂದರು ಗರಬೇದ್ ಅರಬಿಯಲ್ಲಿ. ಕಟ್ಟಿದವನ ರೂಪವನ್ನು ಗೋಡೆಯ ಮೇಲಿಡುವುದು ತಮ್ಮ ಜನರ ಪದ್ಧತಿ. ಪಾಳುಬಿದ್ದ ಒಂದು ಇಗರ್ಜಿಯ ಕಲ್ಲಿನಲ್ಲಿ ಸನಿಕೆ ಹಿಡಿದವನೊಬ್ಬ ಸಾವಿರದ ಮುನ್ನೂರು ವರ್ಷದಿಂದ ನಿಂತಿದ್ದಾನೆ ಎಂದು ವಿವರಿಸಿದರು. ದಿನಾ ಈ ಪುರಾಣಕ್ಕೆ ಆಕಳಿಸುತ್ತಿದ್ದ ಭೋಜ ಅವತ್ತು ಒಂದಕ್ಷರ ಬಿಡದೆ ಕೇಳಿದ.

ಅಧಿಕಾರಿ ಗೊಂಬೆಯನ್ನು ನೋಡಿದ, ಮುದುಕನನ್ನು ನೋಡಿದ. "ನಿನ್ನ ಮೀಸೆ ಬಿಳಿ."

"ಈ ಕಟ್ಟಡ ಶುರುವಾದಾಗ ಕಪ್ಪೇ ಇತ್ತು."

ಅಧಿಕಾರಿಯೂ ಎಲ್ಲೋ ಮನೆ ಕಟ್ಟಿಸಿದವನಿರಬೇಕು, ಹೊಟ್ಟೆ ಹಿಡಿದು ನಕ್ಕ. ಹೊರಡುವಾಗ ಮಾತ್ರ, ಗೊಂಬೆ ಅಲ್ಲೇ ಇರಲಿ, ಇಳಿಸಿದರೆ ನೀನು ಹೇಳಿದ್ದು ಸುಳ್ಳೆಂದು ತಿಳಿಯುತ್ತೇನೆ ಎಂದು ಎಚ್ಚರಿಸಿ ಹೋದ.

ಯುದ್ಧ ಮುಗಿದು, ಮರುವರ್ಷ ಜುಲೈಯಲ್ಲಿ ಭೋಜ ಊರಿನಿಂದ ವಾಪಸು ಬಂದಾಗ ಎಣ್ಣೆಬಾವಿಗಳ ಹೊಗೆಗೆ ಹಗಲೇ ಮಬ್ಬಾಗಿತ್ತು. ಆಫೀಸು ಸುಟ್ಟು, ಗರಬೇದರ ನಲವತ್ತು ವರ್ಷದ ನಕ್ಷೆಗಳೆಲ್ಲ ಬೂದಿಯಾಗಿದ್ದವು. ನಾಲ್ಕು ಗೋಡೌನುಗಳೂ ನೆಲ ಕಚ್ಚಿದ್ದವು. ಶರ್ಕ್‌ನ ಕಟ್ಟಡವೊಂದೇ ನಿಂತಿತ್ತು, ಮೂರನೇ ಮಹಡಿಯಲ್ಲಿ ಗೊಂಬೆ ಮಸಿ ಹಿಡಿದು ಹಾಗೆಯೇ ಇತ್ತು. ಅದರ ಕೆಳಗೆ ಗರಬೇದ್ ಚಹಾ ಕುಡಿಯುತ್ತ ಕುಳಿತಿದ್ದರು. ಅವರನ್ನು ಕಂಡು ಭೋಜನಿಗೆ ಕಣ್ಣು ತುಂಬಿ ಬಂತು.

ಗರಬೇದ್ ಬಿಳಿ ಪೇಂಟಿನ ಡಬ್ಬಿಯೊಂದನ್ನು ಅವನ ಕೈಗಿಟ್ಟು, ಗೊಂಬೆಯ ಮೀಸೆಗೆ ಬಳಿದು ಬರಲು ಹೇಳಿದರು. ತಮ್ಮದೆಂದು ಉಳಿದಿರುವುದು ಅದೊಂದೇ, ಹೋಲಿಕೆಯಾದರೂ ಸರಿಯಿರಲಿ ಎಂದರು.

ಭೋಜ ತಲೆ ಕೆರೆದುಕೊಂಡ. ಕಟ್ಟಡ ಮುಗಿದ ದಿನ ಗೊಂಬೆಯನ್ನು ಇಳಿಸಿ ಸುಡಬೇಕು, ನಮ್ಮ ಕಡೆಯ ಕ್ರಮ ಅದು ಎಂದು ಮೆಲ್ಲಗೆ ಹೇಳಿದ.

ಗರಬೇದ್ ಲೋಟ ಕೆಳಗಿಟ್ಟು ಗೊಂಬೆಯತ್ತ ನೋಡಿದರು.

"ಹಾಗಾದರೆ ಕೆಲಸ ಸ್ವಲ್ಪ ನಿಧಾನವಾಗಲಿ."