ಏಳರ ಮಗ್ಗಿ

ಪ್ರಿನ್ಸಿಪಾಲ್ ಮೇಡಂ ತಮ್ಮ ಕೋಣೆಯ ಹೊಸ್ತಿಲು ದಾಟಿದ್ದೇ ತಡ, ಪಕ್ಕದ ತರಗತಿಯಿಂದ ಮಕ್ಕಳ ಕೂಗು ಎದ್ದಿತು. “ಏಳೊಂದ್ಲ ಏಳು! ಏಳೆರಡ್ಲ ಹದಿನಾಲ್ಕು!”

ಮೇಡಂ ನಿಂತರು. ನಿನ್ನೆಯೂ ಏಳು, ಮೊನ್ನೆಯೂ ಏಳು. ಆರು, ಎಂಟು, ಒಂಬತ್ತು ಇವಕ್ಕೆಲ್ಲ ಈ ಶಾಲೆಯಲ್ಲಿ ಪ್ರವೇಶವೇ ಸಿಕ್ಕಿಲ್ಲವೇ? ಅವರು ನಡೆಯತೊಡಗಿದರೆ ಮುಂದಿನ ತರಗತಿ ಅದೇ ಮಗ್ಗಿ ಎತ್ತಿಕೊಳ್ಳುತ್ತಿತ್ತು, ಆಮೇಲೆ ಅದರಾಚೆಯದು. ಕಾರಿಡಾರಿನ ಕೊನೆ ತಲುಪುವ ಹೊತ್ತಿಗೆ ಎಲ್ಲರೂ ಪುಸ್ತಕದಲ್ಲಿ ಮುಳುಗಿರುತ್ತಿದ್ದರು. ಎಲ್ಲೂ ಒಂದು ನಗು ಇಲ್ಲ, ಒಂದು ಪಿಸುಮಾತಿಲ್ಲ. ಇಷ್ಟು ಸಾಚಾ ಶಾಲೆ ಭೂಮಿಯ ಮೇಲೆ ಇರುವುದು ಸಾಧ್ಯವಿಲ್ಲ ಎಂದು ಮೇಡಂಗೆ ಖಾತ್ರಿಯಿತ್ತು.

ಅವರು ಈ ಕುರ್ಚಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಂದ ದಿನವೇ ಆಡಳಿತ ಮಂಡಳಿಯ ಅಧ್ಯಕ್ಷರು ಕಿವಿಯಲ್ಲಿ ಊದಿದ್ದರು: “ನಿಮಗಿಂತ ಮುಂಚೆ ಇದ್ದೋರನ್ನ ಈ ಟೀಚರುಗಳೇ ಸೇರ್ಕೊಂಡು ಓಡಿಸಿದ್ದು. ಬಿಗಿ ಹಿಡೀರಿ. ಆಗಲ್ಲ ಅಂದ್ರೆ ಹೇಳಿ, ಬೇರೆಯೋರನ್ನ ನೋಡ್ಕೋತೀವಿ.” ಮನೆಯಲ್ಲಿ ದುಡಿಯುವ ಕೈ ಮೇಡಂದೊಂದೇ. ಅವರು ಬಿಗಿ ಹಿಡಿದರು. ಎಷ್ಟು ಬಿಗಿಯೆಂದರೆ, ಸ್ಟಾಫ್ ರೂಮಿನಲ್ಲಿ ಚಮಚ ಬಿದ್ದರೂ ಅದರ ಹಿಂದೆ ಯಾರ ಕೈವಾಡವಿದೆ ಎಂದು ಯೋಚಿಸುವಷ್ಟು.

ಈಗ ಅವರ ಹಳೆಯ ಕನ್ನಡಕವೂ ನಾಪತ್ತೆ. ಕಪ್ಪು ದಪ್ಪ ಫ್ರೇಮಿನದು. ಆಫೀಸಿನ ಡ್ರಾಯರಿನಲ್ಲೇ ಇಟ್ಟಿದ್ದ ನೆನಪು. ಈ ಟೀಚರುಗಳು ಕಳ್ಳತನಕ್ಕೂ ಇಳಿದರು ಎಂದುಕೊಂಡರು ಮೇಡಂ.

ಮರುದಿನ ಬೆಳಿಗ್ಗೆ ಮನೆಯಲ್ಲಿ ತಿಂಡಿಗೆ ಕೂತಾಗಲೂ ಅದೇ ಗುಂಗು. ಎದುರಿಗೆ ಮಗಳು ಏನೋ ಹೇಳಲು ಹೆಣಗುತ್ತಿದ್ದಳು. “ಅಮ್ಮಾ, ಕ… ಕ… ಕ…”

“ಬೇಗ ಹೇಳು, ಸಾವಿರ ಕೆಲಸ ಇದೆ. ಬೇಡ, ಬಿಡು, ನಾನೇ ಹೇಳ್ತೀನಿ. ಕಾಫಿ ತಾನೇ? ತಗೋ.”

ಮಗಳು ಬೇಡದ ಕಾಫಿಯನ್ನು ಸುಮ್ಮನೆ ಕುಡಿದಳು. ಮಾತು ಬಂದಾಗಿನಿಂದ ಅವಳಿಗೆ ತೊದಲು. ಕಣ್ಣಳತೆಯಲ್ಲಿರಲಿ ಎಂದು ಮೇಡಂ ಅವಳನ್ನು ತಮ್ಮ ಶಾಲೆಗೇ ಸೇರಿಸಿದ್ದರು. ಭಾಷೆಯ ಟೀಚರ್ ಒಮ್ಮೆ ಅವಳನ್ನು ಶಾಲೆಯ ನಾಟಕಕ್ಕೆ ಹಾಕಿಕೊಳ್ಳಲೇ ಎಂದು ಕೇಳಿದಾಗ ಮೇಡಂ ಸಿಡಿದಿದ್ದರು: “ನಾಲ್ಕು ಜನರ ಮುಂದೆ ನನ್ನ ಮಗಳನ್ನ ನಗೆಪಾಟಲು ಮಾಡ್ಬೇಕು ಅಂತಿದ್ದೀರಾ?” ಅದೂ ಪಿತೂರಿಯ ಒಂದು ಭಾಗವೇ ಇರಬೇಕೆಂದು ಅವರ ಅನುಮಾನ.

ಊಟದ ವಿರಾಮದಲ್ಲಿ ಅವರು ಗಣಿತದ ಮೇಷ್ಟ್ರನ್ನು ಕರೆಸಿದರು. ಆಫೀಸಿನ ಪಕ್ಕದ ತರಗತಿ ಅವರದು, ಮಗ್ಗಿ ಹುಟ್ಟುವುದೇ ಅಲ್ಲಿ.

“ಏನ್ ಮೇಷ್ಟ್ರೇ, ನಾನು ಹೊರಗೆ ಕಾಲಿಟ್ರೆ ಸಾಕು, ಏಳರ ಮಗ್ಗಿ ಶುರುವಾಗುತ್ತಲ್ಲ?”

“ಬಾಯಿಗೆ ಬರಲ್ಲ ಮೇಡಂ, ಅದಕ್ಕೇ. ದಡ್ಡತನ ಅಲ್ಲ, ಭಯ.”

“ಯಾರ ಭಯ?”

ಮೇಷ್ಟ್ರು ಕೈಗಂಟಿದ ಸೀಮೆಸುಣ್ಣವನ್ನು ನಿಧಾನವಾಗಿ ಒರೆಸಿಕೊಂಡರು. “ಏಳರ ಭಯ ಮೇಡಂ.”

ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಪಳಗಿದ ಆಸಾಮಿ.

ಕೊನೆಯ ಪೀರಿಯಡ್ಡಿನಲ್ಲಿ ಮೇಡಂ ಫ್ಯಾನನ್ನು ತಿರುಗಲು ಬಿಟ್ಟರು, ಬಾಗಿಲು ಮುಂದೆ ಮಾಡಿದರು, ಚಪ್ಪಲಿಯನ್ನು ಮೇಜಿನಡಿ ಬಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂಬಾಗಿಲಿನಿಂದ ಸೈಕಲ್ ಸ್ಟ್ಯಾಂಡಿನತ್ತ ಇಳಿದರು. ಬರಿಗಾಲಿಗೆ ಕಲ್ಲು ಚುಚ್ಚುತ್ತಿತ್ತು. ಸ್ವಂತ ಶಾಲೆಯಲ್ಲಿ ಕಳ್ಳಿಯಂತೆ ನಡೆಯಬೇಕಾಯಿತಲ್ಲ ಎಂದು ಗೊಣಗಿಕೊಂಡರು. ಆದರೆ ಮಗ್ಗಿ ಮಾತ್ರ ಕೇಳಲಿಲ್ಲ. ಬದಲಿಗೆ ಕೇಳಿಸಿದ್ದು ನಗು. ಅದೂ ಗ್ರಂಥಾಲಯದಿಂದ.

ಕಿಟಕಿ ಮುಚ್ಚಿತ್ತು. ಮೇಡಂ ಗೋಡೆಗೆ ಅಂಟಿ ನಿಂತು ಕಿವಿಗೊಟ್ಟರು. ಒಳಗೆ ಯಾವುದೋ ಹುಡುಗಿ ಅರಳು ಹುರಿದಂತೆ ಮಾತಾಡುತ್ತಿದ್ದಳು.

“ಯಾರದು ಅಲ್ಲಿ ನಗೋದು? ನಗೋಕೆ ಪರ್ಮಿಷನ್ ತಗೊಂಡಿದ್ದೀರಾ? ಆ ಕಾಗೆ ಯಾಕೆ ಕೂಗ್ತಿದೆ? ಅದರ ಅಪ್ಪ ಅಮ್ಮನ್ನ ನಾಳೆ ಕರ್ಕೊಂಡ್ ಬರೋಕೆ ಹೇಳಿ!”

ನಗೆಯ ಅಲೆ ಎದ್ದಿತು. ಅದರಲ್ಲಿ ಭಾಷೆಯ ಟೀಚರರ ನಗುವೂ ಸೇರಿತ್ತು. ಮೇಡಂ ಕಿವಿ ಕೆಂಪಾಯಿತು. ಅದು ಅವರದೇ ಧ್ವನಿ, ಅವರದೇ ಗತ್ತು, ವಾಕ್ಯದ ಕೊನೆಗೆ ಮೂಗಿನಿಂದ ಬಿಡುವ ಉಸಿರೂ ಅವರದೇ.

“ಏನು ಹೇಳ್ಬೇಕಿತ್ತು ನಿಂಗೆ? ಬೇಗ ಹೇಳು, ಸಾವಿರ ಕೆಲಸ ಇದೆ. ಬೇಡ, ಬಿಡು, ನಾನೇ ಹೇಳ್ತೀನಿ!”

ಈ ಮಾತನ್ನು ನಾನು ಶಾಲೆಯಲ್ಲಿ ಯಾವತ್ತು ಆಡಿದೆ? ಆದರೆ ಸಿಟ್ಟು ನೆತ್ತಿಗೇರಿದವರಿಗೆ ಅದನ್ನೆಲ್ಲ ಯೋಚಿಸುವ ವ್ಯವಧಾನ ಎಲ್ಲಿಯದು. ಮಗ್ಗಿಯ ಕಾವಲಿನಲ್ಲಿ ನಡೆಯುತ್ತಿದ್ದುದು ಇದೇ ಅಲ್ಲವೇ! ಪ್ರಿನ್ಸಿಪಾಲನ್ನೇ ಗೇಲಿ ಮಾಡಿ ಮಕ್ಕಳ ಮುಂದೆ ಮೂರು ಕಾಸಿಗೆ ಕಡೆ ಮಾಡುವುದು. ನಾಳೆಯೇ ಟೀಚರಿಗೆ ಮನೆ ದಾರಿ. ಆ ಹುಡುಗಿಗೆ ಟಿ.ಸಿ.

ಅವರು ಮೂಲೆ ತಿರುಗಿ ಬಾಗಿಲತ್ತ ಧಾವಿಸಿದರು. ಕಾರಿಡಾರಿನಲ್ಲಿ ನೀರು ಕುಡಿಯುತ್ತಿದ್ದ ಗಣಿತದ ಮೇಷ್ಟ್ರು ಬರಿಗಾಲಿನ ಪ್ರಿನ್ಸಿಪಾಲರನ್ನು ಕಂಡು ಲೋಟ ಕೈಬಿಟ್ಟರು. “ಏಳೊಂದ್ಲ ಏಳು!” ಎಂದು ಒಬ್ಬರೇ ಕಿರುಚಿದರು.

ಒಳಗಿನ ಮಾತು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಮೇಡಂ ಬಾಗಿಲು ದೂಡಿಯಾಗಿತ್ತು.

ಬೆಂಚಿನ ಮೇಲೆ ಒಬ್ಬ ಹುಡುಗಿ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು. ಮೇಜಿನ ಬಟ್ಟೆಯೇ ಅವಳ ಸೀರೆ. ಕಿವಿಗಳ ಹಿಂದೆ ಕಪ್ಪು ದಪ್ಪ ಕನ್ನಡಕದ ಕಡ್ಡಿಗಳು.

“ಯಾರೇ ನೀನು?” ಮೇಡಂ ಗುಡುಗಿದರು. “ತಿರುಗು ಈ ಕಡೆ! ಈಗ ಆಡಿದ್ಯಲ್ಲ, ಅದನ್ನ ನನ್ನ ಮುಂದೆ ಆಡು ನೋಡೋಣ!”

ಹುಡುಗಿ ತಿರುಗಿದಳು. ಬಾಯಿ ತೆರೆದಳು.

“ಅ… ಅ… ಅಮ್…” ಎಂದಳು ಮಗಳು. ಆ ಮಾತನ್ನು ಮುಗಿಸಿಕೊಡಲು ಈ ಸಲ ಮೇಡಂಗೆ ಬಾಯಿ ಬರಲಿಲ್ಲ.