ಅವನು ಉಸಿರೆಳೆದುಕೊಳ್ಳುವಷ್ಟು ಹೊತ್ತು

"ಈ ಭಾನುವಾರ ನೀವು ಬಾರಿಸದಿದ್ರೂ ನಡೆಯುತ್ತಮ್ಮ," ಎಂದು ಪಾಸ್ಟರ್ ಆರ್ಗನ್ನಿನ ಮೇಲೆ ಬಾಗಿ ಪಿಸುಗುಟ್ಟಿದರು. ಅವಳು ಗಂಡನನ್ನು ಮಣ್ಣು ಮಾಡಿ ಬಂದು ಇನ್ನೂ ವಾರ ತುಂಬಿರಲಿಲ್ಲ.

"ದೇವರ ಮೇಲೆ ಬೆಟ್ಟದಷ್ಟು ಸಿಟ್ಟಿದೆ ಪಾಸ್ಟರೇ. ಅದಕ್ಕೇ ಬಂದೆ. ಮನೇಲೇ ಕೂತ್ರೆ ಆತನ ಜೊತೆ ಮಾತೇ ಬಿಟ್ಟುಬಿಡ್ತೀನಿ," ಎಂದು ಅವಳು ಹಾಡಿನ ಪುಸ್ತಕ ತೆರೆದಳು.

ಇಷ್ಟು ವರ್ಷ ಪ್ರತಿ ಹಾಡಿನ ಮೊದಲ ಸಾಲು ಎತ್ತಿಕೊಡುತ್ತಿದ್ದವನು ಅವಳ ಗಂಡನೇ. ಉಬ್ಬಸದ ಮನುಷ್ಯ. ಮುಂದಿನ ಬೆಂಚಿನಲ್ಲಿ ನಿಂತು ಅವನು ಎದೆ ತುಂಬ ಉಸಿರೆಳೆದುಕೊಳ್ಳುವವರೆಗೆ, ಹಾಡಿಗೆ ಮುನ್ನ ನುಡಿಸುವ ರಾಗದ ಕೊನೆಯ ಸ್ವರವನ್ನು ಅವಳು ಒತ್ತಿಯೇ ಹಿಡಿದಿರುತ್ತಿದ್ದಳು. "ನಿಮ್ಮೆಜಮಾನ್ರು ಉಸಿರು ತಗೊಳ್ಳೋಷ್ಟರಲ್ಲಿ ನಮ್ದೊಂದು ನಿದ್ದೆ ಆಗುತ್ತೆ," ಎಂದು ಹಿಂದಿನ ಬೆಂಚಿನ ಹೆಂಗಸರು ಚುಡಾಯಿಸುತ್ತಿದ್ದರು. ಇವತ್ತು ಆ ಸ್ವರ ಹಿಡಿಯಬಾರದು, ಹಿಡಿದರೆ ಅಳುವಿನ ಕಟ್ಟೆ ಒಡೆಯುತ್ತದೆ ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು.

ರಾಗ ಮುಗಿಯಿತು. ಅವಳು ಕೊನೆಯ ಸ್ವರದಲ್ಲಿ ನಿಲ್ಲದೆ ಹಾಡನ್ನು ನುಡಿಸತೊಡಗಿದಳು. ಒಂದು ದನಿಯೂ ಏಳಲಿಲ್ಲ. ತಲೆಯೆತ್ತಿ ನೋಡಿದರೆ, ಸಭೆಗೆ ಸಭೆಯೇ ಅಭ್ಯಾಸಬಲದಿಂದ ಮುಂದಿನ ಬೆಂಚಿನ ಖಾಲಿ ಜಾಗದತ್ತ ಕಣ್ಣಿಟ್ಟು ಕಾಯುತ್ತಿತ್ತು.

ಅವಳ ಕೈ ತಾನಾಗಿ ಹಿಂದಕ್ಕೆ ಹೋಯಿತು. ಆ ಕೊನೆಯ ಸ್ವರವನ್ನು ಮತ್ತೆ ಒತ್ತಿ, ಅವನಿಗೆ ಬೇಕಾಗುತ್ತಿದ್ದಷ್ಟೂ ಹೊತ್ತು ಹಿಡಿದಳು. ಆಮೇಲೆ, ಹಿಂದೆಂದೂ ಸಭೆಯಲ್ಲಿ ಬಾಯಿಬಿಟ್ಟು ಹಾಡದವಳು, ಒಡೆದ ದನಿಯಲ್ಲಿ ಮೊದಲ ಸಾಲನ್ನು ತಾನೇ ಎತ್ತಿಕೊಟ್ಟಳು.